ವಾಪಸ್ ದಾರಿ ಯಾವುದು?

ಪುಟ್ಟಿ, ಐಟಿಐನಲ್ಲಿ ನಿನಗೆ ಎಲೆಕ್ಟ್ರಿಷಿಯನ್ ಟ್ರೇಡ್ ಸಿಕ್ಕಿದ ಸುದ್ದಿಯನ್ನು ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ದನಿಯಲ್ಲಿ ಅರ್ಧ ಖುಷಿ, ಅರ್ಧ ದಿಗಿಲು. "ಹೆಣ್ಣುಮಗು ಕರೆಂಟಿನ ಕೆಲಸಕ್ಕೆ ಹೋಗ್ತಾಳಂತೆ, ನೀನಾದ್ರೂ ಬುದ್ಧಿ ಹೇಳಣ್ಣ" ಅಂದಳು. ಹೇಳುತ್ತೇನೆ. ಆದರೆ ಅವಳು ಬಯಸಿದ ಬುದ್ಧಿ ಬೇರೆ, ನಾನು ಹೇಳುವುದು ಬೇರೆ. ಈ ಕೆಲಸಕ್ಕೆ ತೋಳಿನ ಬಲಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ, ಅದು ನಿನ್ನಲ್ಲಿ ಚಿಕ್ಕಂದಿನಿಂದಲೂ ಇದೆ.

ಎರಡು ವರ್ಷದ ಕೋರ್ಸಿನಲ್ಲಿ ಸೂತ್ರ, ಚಿತ್ರ, ಜಾಯಿಂಟು, ಮೋಟರ್ ಎಲ್ಲವನ್ನೂ ಅವರು ಕಲಿಸುತ್ತಾರೆ. ಅದನ್ನೆಲ್ಲ ನಾನಿಲ್ಲಿ ಒದರುವುದಿಲ್ಲ. ವೈರಿಂಗ್ ಕೆಲಸದಲ್ಲೇ ತಲೆ ನರೆತ ಮಾವನಾಗಿ ನಿನ್ನ ಕಿವಿಯಲ್ಲಿ ಒಂದು ಪ್ರಶ್ನೆ ಹಾಕಿಬಿಡುತ್ತೇನೆ. ಯಾವ ಬೋರ್ಡು ಬಿಚ್ಚಿದರೂ, ಯಾವ ಯಂತ್ರ ಕೆಟ್ಟು ನಿಂತರೂ ಮೊದಲು ಇದನ್ನು ಕೇಳಿಕೋ: ಇಲ್ಲಿಗೆ ಬಂದ ಕರೆಂಟು ವಾಪಸ್ ಹೋಗುವ ದಾರಿ ಯಾವುದು? ಬರುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಕಂಬದಿಂದ ಮೀಟರಿಗೆ, ಮೀಟರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಲ್ಬಿಗೆ ಅಂತ ಬೆರಳಿಟ್ಟು ತೋರಿಸುತ್ತಾರೆ. ಬಲ್ಬಿನ ಹತ್ತಿರ ಬಂದ ಮೇಲೆ ಬೆರಳು ನಿಂತುಬಿಡುತ್ತದೆ. ಒಳ್ಳೆಯ ಕೆಲಸಗಾರ ಯಾರು ಅನ್ನುವುದು ಅಲ್ಲಿಂದ ಮುಂದೆ ಗೊತ್ತಾಗುತ್ತದೆ.

ಮನೆಯಲ್ಲಿ ನಿಮ್ಮ ತಾತನ ಕಾಲದ ಸ್ಟೀಲಿನ ಬ್ಯಾಟ್ರಿ ಇನ್ನೂ ಇರಬೇಕು. ಅದನ್ನು ಬಿಚ್ಚು. ಎರಡು ಶೆಲ್ಲು, ಒಂದು ಪುಟ್ಟ ಬಲ್ಬು, ಹಿಂದಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗು. ವೈರು ಎಲ್ಲಿ? ಹುಡುಕಿದರೂ ಸಿಗುವುದಿಲ್ಲ. ಮೇಲಿನ ಶೆಲ್ಲಿನ ಮೂತಿ ಬಲ್ಬಿನ ಬುಡಕ್ಕೆ ತಾಗಿರುತ್ತದೆ, ಅದು ಹೋಗುವ ದಾರಿ. ಬಲ್ಬಿನೊಳಗಿನ ತಂತಿಯನ್ನು ಹಾಯ್ದ ಕರೆಂಟು ಬಲ್ಬಿನ ಪಕ್ಕದ ಲೋಹದಿಂದ ಹೊರಬಂದು, ಸ್ವಿಚ್ಚನ್ನು ದಾಟಿ, ಬ್ಯಾಟ್ರಿಯ ಮೈಯಲ್ಲೇ ಹರಿದು, ಮುಚ್ಚಳದ ಸ್ಪ್ರಿಂಗಿನ ಮೂಲಕ ಕೆಳಗಿನ ಶೆಲ್ಲಿನ ತಳ ಸೇರುತ್ತದೆ. ನೀನು ಕೈಯಲ್ಲಿ ಹಿಡಿದಿರುವ ಆ ಸ್ಟೀಲ್ ಕೊಳವೆಯೇ ವಾಪಸ್ ವೈರು. ಕೈಗೆ ಏನೂ ಆಗುವುದಿಲ್ಲ, ಯಾಕೆಂದರೆ ಎರಡು ಶೆಲ್ಲು ಸೇರಿದರೂ ಇರುವುದು 3 ವೋಲ್ಟು. ಒಣ ಚರ್ಮವನ್ನು ದಾಟಿ ನಿನಗೆ ತಿಳಿಯುವಷ್ಟು ಕರೆಂಟು ನುಗ್ಗಿಸಲು ಅದು ಸಾಲದು. ಬ್ಯಾಟ್ರಿ ಹತ್ತದಿದ್ದಾಗ ಎಲ್ಲರೂ ಅದನ್ನು ಅಂಗೈಗೆ ಕುಟ್ಟುತ್ತಾರಲ್ಲ, ಆ ಏಟಿಗೆ ಎಷ್ಟೋ ಸಲ ಸರಿಹೋಗುವುದು ಈ ವಾಪಸ್ ದಾರಿ. ಸ್ಪ್ರಿಂಗಿಗೂ ಮುಚ್ಚಳದ ತಿರುಪಿಗೂ ಹಿಡಿದಿದ್ದ ತುಕ್ಕು ಸ್ವಲ್ಪ ಸರಿದು ಲೋಹಕ್ಕೆ ಲೋಹ ಮುಟ್ಟುತ್ತದೆ. ಕುಟ್ಟುವ ಬದಲು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಆ ಬ್ಯಾಟ್ರಿ ಇನ್ನೂ ಅಷ್ಟು ಕಾಲ ಬಾಳುತ್ತದೆ.

ಹಳೆಯ ಸೈಕಲ್ಲಿನ ಡೈನಮೋ ನೋಡಿದ್ದೀಯಾ? ಅದರಿಂದ ಮುಂದಿನ ಲೈಟಿಗೆ ಹೋಗುವುದು ಒಂದೇ ವೈರು. ಒಂದೇ ವೈರಿನಲ್ಲಿ ಲೈಟು ಹತ್ತುವುದು ಹೇಗೆ ಅಂತ ಹುಡುಗರನ್ನು ಕೇಳಿದರೆ ಮುಖ ಮುಖ ನೋಡುತ್ತಾರೆ. ಸೈಕಲ್ಲಿನ ಫ್ರೇಮೇ ಎರಡನೆಯ ವೈರು. ಡೈನಮೋ ಬಿಗಿಯುವ ಕ್ಲ್ಯಾಂಪಿನಲ್ಲಿ ಮೊನಚಾದ ಒಂದು ಸ್ಕ್ರೂ ಇರುತ್ತದೆ, ಅದು ಫ್ರೇಮಿನ ಬಣ್ಣವನ್ನು ಕೊರೆದು ಒಳಗಿನ ಕಬ್ಬಿಣ ಮುಟ್ಟಲಿ ಅಂತಲೇ ಅದನ್ನು ಹಾಕಿರುವುದು. ಬಣ್ಣ ಹೋದೀತು ಅಂತ ಅದನ್ನು ಸಡಿಲ ಬಿಟ್ಟರೆ ಲೈಟು ಹತ್ತುವುದಿಲ್ಲ. ಟ್ರ್ಯಾಕ್ಟರು, ಬಸ್ಸು, ಬೈಕು ಎಲ್ಲದರಲ್ಲೂ ಇದೇ ಕಥೆ: ಬ್ಯಾಟರಿಯ ಮೈನಸ್ ಕಡೆಯನ್ನು ಚಾಸಿಗೆ ಬಿಗಿದುಬಿಡುತ್ತಾರೆ, ಲೈಟಿಗೆ ಒಂದೊಂದೇ ವೈರು ಎಳೆಯುತ್ತಾರೆ. ಟ್ರ್ಯಾಕ್ಟರಿನ ಇಂಡಿಕೇಟರ್ ಹಾಕಿದಾಗ ಜೊತೆಗೆ ಬ್ರೇಕ್ ಲೈಟೂ ಮಂಕಾಗಿ ಮಿನುಗಿದರೆ ಅನುಭವವಿರುವ ಮೆಕ್ಯಾನಿಕ್ ಬಲ್ಬನ್ನು ಮುಟ್ಟುವುದಕ್ಕೇ ಹೋಗುವುದಿಲ್ಲ. "ಬಾಡಿ ಅರ್ತ್ ಬಿಟ್ಟಿದೆ" ಅಂದು ಸ್ಪ್ಯಾನರ್ ತರುತ್ತಾನೆ. ಇಂಡಿಕೇಟರಿನ ಕರೆಂಟಿಗೆ ತನ್ನ ವಾಪಸ್ ದಾರಿ ಮುಚ್ಚಿಹೋಗಿದೆ, ಅದು ಪಕ್ಕದ ಬಲ್ಬನ್ನು ಹಾಯ್ದು ಹೋಗಲು ನೋಡುತ್ತಿದೆ, ಅಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಈಗಲೇ ತೆಗೆದುಹಾಕಿಕೋ. ಬಲ್ಬು ಕರೆಂಟನ್ನು ತಿಂದುಬಿಡುತ್ತದೆ, ಫ್ಯಾನು ಕುಡಿದುಬಿಡುತ್ತದೆ ಅಂತ ಜನ ಮಾತನಾಡುತ್ತಾರೆ. ಬಲ್ಬಿಗೆ ಹೋಗುವ ವೈರಿನಲ್ಲಿ ಒಂದು ಆಂಪ್‌ಮೀಟರ್, ಬಲ್ಬಿನಿಂದ ಬರುವ ವೈರಿನಲ್ಲಿ ಇನ್ನೊಂದು ಹಾಕಿ ನೋಡು. ಎರಡೂ ಒಂದೇ ಅಂಕಿ ತೋರಿಸುತ್ತವೆ. ಖರ್ಚಾಗುವುದು ಶಕ್ತಿ, ಕರೆಂಟಲ್ಲ. ನಿನಗೆ ಸುಲಭವಾಗಿ ಹಿಡಿಯುವುದಕ್ಕೆ ಸೈಕಲ್ಲಿನ ಚೈನನ್ನೇ ನೆನೆಸಿಕೋ. ಪೆಡಲ್ ತುಳಿದ ಕೂಡಲೇ ಹಿಂದಿನ ಚಕ್ರ ತಿರುಗುತ್ತದೆ, ಆದರೆ ಪೆಡಲಿನ ಹತ್ತಿರವಿದ್ದ ಕೊಂಡಿ ಅಷ್ಟರಲ್ಲಿ ಚಕ್ರದ ಹತ್ತಿರ ಹೋಗಿರುವುದಿಲ್ಲ. ಇಡೀ ಚೈನು ಒಟ್ಟಿಗೆ ಸರಿಯುತ್ತದೆ. ಚಕ್ರ ಚೈನನ್ನು ಸವೆಸಿ ತಿನ್ನುವುದಿಲ್ಲ, ಅದು ಸುತ್ತಿ ವಾಪಸ್ ಬರುತ್ತದೆ. ಮೇಲಿನ ಕಡೆ ತುಂಡಾದರೂ ಕೆಳಗಿನ ಕಡೆ ತುಂಡಾದರೂ ಸೈಕಲ್ಲು ನಿಲ್ಲುತ್ತದೆ.

ತಂತಿಯೊಳಗಿನ ಎಲೆಕ್ಟ್ರಾನುಗಳು ಎಷ್ಟು ನಿಧಾನ ಅಂದರೆ ನಂಬುವುದು ಕಷ್ಟ. 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 1 ಆಂಪಿಯರ್ ಹರಿಯುವಾಗ ಅವು ಸರಿಯುವುದು ಸೆಕೆಂಡಿಗೆ ಸುಮಾರು 0.05 ಮಿಲಿಮೀಟರ್. ಇರುವೆ ಅದಕ್ಕಿಂತ ಎಷ್ಟೋ ಪಾಲು ಜೋರಾಗಿ ನಡೆಯುತ್ತದೆ. ನಮ್ಮ ಮನೆಗಳ ಎಸಿ ಕರೆಂಟಿನಲ್ಲಂತೂ ಅವು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಾಡುತ್ತ ಇದ್ದಲ್ಲೇ ಇರುತ್ತವೆ. ಹಾಗಿದ್ದೂ ಸ್ವಿಚ್ ಒತ್ತಿದ ಕ್ಷಣ ಲೈಟು ಬರುತ್ತದೆ, ಆ ಚೈನಿನಂತೆ ಎಲ್ಲವೂ ಒಟ್ಟಿಗೆ ಸರಿಯುವುದರಿಂದ. (ಪುಸ್ತಕದಲ್ಲಿ ಬಾಣದ ಗುರುತು ಪ್ಲಸ್ಸಿನಿಂದ ಮೈನಸ್ಸಿಗೆ, ಎಲೆಕ್ಟ್ರಾನ್ ಹೋಗುವುದು ಉಲ್ಟಾ. ಇದರಲ್ಲಿ ತಲೆ ಕೆಡಿಸಿಕೊಂಡು ಒಂದು ವಾರ ಕಳೆಯಬೇಡ. ಲೆಕ್ಕ ಎರಡರಲ್ಲೂ ಒಂದೇ ಬರುತ್ತದೆ.)

ಸುತ್ತು ಎಷ್ಟೇ ದೊಡ್ಡದಾದರೂ ಕಥೆ ಇದೇ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟು ಕೊಟ್ಟರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಅಷ್ಟು ದೂರದ ಗಣಿಯ ಮೋಟರಾಗಲಿ, ನಿಮ್ಮ ತಾತನ ಬ್ಯಾಟ್ರಿಯಾಗಲಿ, ಸುತ್ತು ಮುಗಿಯದೆ ಎರಡೂ ಓಡುವುದಿಲ್ಲ.

ಇನ್ನು ಓಮನ ನಿಯಮ. ಜರ್ಮನಿಯ ಗೇಯೋರ್ಗ್ ಓಮ್ ಶಾಲೆಯ ಮೇಷ್ಟ್ರು. ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ, ಎಷ್ಟು ಕರೆಂಟು ಹಾಯುತ್ತದೆ ಅಂತ ಅಳೆಯುತ್ತ ಕೂತವನು. ಆಗಿನ ಬ್ಯಾಟರಿಗಳು ಒಂದೇ ಸಮ ನಿಲ್ಲುತ್ತಿರಲಿಲ್ಲ. ಅದಕ್ಕೆ ಎರಡು ಲೋಹಗಳ ಬೆಸುಗೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು ಸ್ಥಿರವಾದ ಒತ್ತಡ ಪಡೆದ. 1827ರಲ್ಲಿ ಪುಸ್ತಕ ಬರೆದ. ಅವನ ನಾಡಿನವರು ತಕ್ಷಣ ಮೆಚ್ಚಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ಅವನು ಕಂಡುಕೊಂಡದ್ದನ್ನು ಒಂದೇ ಸಾಲಿನಲ್ಲಿ ಹೇಳಬಹುದು: ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್. ತಳ್ಳುವ ಬಲ ಹೆಚ್ಚಾದರೆ ಕರೆಂಟು ಹೆಚ್ಚು, ತಡೆ ಹೆಚ್ಚಾದರೆ ಕರೆಂಟು ಕಡಿಮೆ. ಇದರ ಜೊತೆಗೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಅನ್ನುವುದನ್ನೂ ಸೇರಿಸಿಕೊಂಡರೆ ಮನೆಯ ವೈರಿಂಗಿನ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. 230 ವೋಲ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವುದು ಸುಮಾರು 0.04 ಆಂಪಿಯರ್, 2000 ವ್ಯಾಟಿನ ಗೀಸರ್ ಎಳೆಯುವುದು 8.7. ಒಂದು ಗೀಸರ್ ಇನ್ನೂರಕ್ಕೂ ಹೆಚ್ಚು ಬಲ್ಬುಗಳಿಗೆ ಸಮ. ಅದಕ್ಕೇ ಗೀಸರಿಗೆ 16 ಆಂಪಿಯರಿನ ದೊಡ್ಡ ಪ್ಲಗ್ಗು, ದಪ್ಪ ವೈರು. ಬಲ್ಬಿನ ವೈರಿನಿಂದ ಗೀಸರಿಗೆ ಒಂದು ಕೊಂಡಿ ಹಾಕಿಕೊಡು ಅಂತ ಯಾರೇ ಕೇಳಲಿ, ನೆಂಟರೇ ಆಗಲಿ, ಆಗುವುದಿಲ್ಲ ಅನ್ನು.

ಈ ಲೆಕ್ಕದೊಳಗೆ ಒಂದು ಕಳ್ಳನಿದ್ದಾನೆ. ಗೀಸರಿನ ಪ್ಲಗ್ಗಿನ ಹಿಂದೆ ವೈರನ್ನು ಸರಿಯಾಗಿ ಬಿಗಿದಿಲ್ಲ ಅಂತಿಟ್ಟುಕೋ. ಆ ಸಡಿಲ ಜಾಗದಲ್ಲಿ ಅರ್ಧ ಓಮಿನಷ್ಟು ತಡೆ ಹುಟ್ಟಿತು. ಕರೆಂಟಿನ ವರ್ಗವನ್ನು ತಡೆಯಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಶಾಖ ಸಿಗುತ್ತದೆ: 8.7ರ ವರ್ಗ ಸುಮಾರು 76, ಅದರ ಅರ್ಧ 38 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಹೆಚ್ಚು ಬಿಸಿ, ಒಂದು ಸ್ಕ್ರೂವಿನ ತಲೆಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಹಿಂದೆ, ಗೋಡೆಯೊಳಗೆ. ತಾನಾಗಿ ಆಫ್ ಆಗುವ ಎಂಸಿಬಿ ಸ್ವಿಚ್ಚು ಬೀಳುತ್ತದಾ? ಇಲ್ಲ. ಅದು ನೋಡುವುದು ಕರೆಂಟು ಹೆಚ್ಚಾಯಿತೇ ಅಂತ. ಇಲ್ಲಿ ಕರೆಂಟು ಕೂದಲೆಳೆಯಷ್ಟು ಕಡಿಮೆಯೇ ಆಗಿದೆ. ಪತ್ರಿಕೆಯಲ್ಲಿ ಬೆಂಕಿ ಅನಾಹುತದ ಸುದ್ದಿ ಬಂದಾಗೆಲ್ಲ ಶಾರ್ಟ್ ಸರ್ಕ್ಯೂಟ್ ಅಂತ ಒಂದೇ ಪದ ಬರೆದು ಮುಗಿಸುತ್ತಾರೆ. ಎಷ್ಟೋ ಕಡೆ ಅದು ಶಾರ್ಟೇ ಆಗಿರುವುದಿಲ್ಲ, ಅರ್ಧ ಸುತ್ತು ಬಿಗಿಯದೆ ಬಿಟ್ಟ ಸ್ಕ್ರೂ ಆಗಿರುತ್ತದೆ. ಬಿಗಿಯುವುದು ಬೇಸರದ ಕೆಲಸ, ಫೋಟೋದಲ್ಲಿ ಕಾಣುವ ಕೆಲಸವೂ ಅಲ್ಲ. ಆದರೂ ನಾನು ಯಾರ ಕೆಲಸವನ್ನಾದರೂ ನೋಡಲು ಹೋದರೆ ಮೊದಲು ಹಿಡಿದು ನೋಡುವುದು ಸ್ಕ್ರೂಗಳನ್ನೇ.

ಸೀರೀಸು, ಪ್ಯಾರಲಲ್ಲು. ಗಣೇಶನ ಹಬ್ಬಕ್ಕೆ ಕಟ್ಟುವ ಹಳೆಯ ಸೀರಿಯಲ್ ಸೆಟ್ಟಿನಲ್ಲಿ 50 ಪುಟ್ಟ ಬಲ್ಬುಗಳು ಒಂದರ ಹಿಂದೆ ಒಂದು. ಒಂದೇ ಕರೆಂಟು ಎಲ್ಲವನ್ನೂ ಹಾಯಬೇಕು, 230 ವೋಲ್ಟನ್ನು ಎಲ್ಲವೂ ಹಂಚಿಕೊಳ್ಳಬೇಕು; ಪಾಲಿಗೆ ಬರುವುದು 4.6 ವೋಲ್ಟು. ಒಂದು ಬಲ್ಬು ಹೋದರೆ ಎಲ್ಲರ ವಾಪಸ್ ದಾರಿಯೂ ಹೋಯಿತು, ಸೆಟ್ಟೇ ಕತ್ತಲು. ಮನೆಯ ವೈರಿಂಗು ಪ್ಯಾರಲಲ್: ಪ್ರತಿ ಬಲ್ಬಿಗೂ ಪೂರ್ತಿ 230, ಪ್ರತಿಯೊಂದಕ್ಕೂ ತನ್ನದೇ ಹೋಗುವ ದಾರಿ, ತನ್ನದೇ ಬರುವ ದಾರಿ. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ.

ಪುಸ್ತಕದಲ್ಲಿದ್ದೂ ಹುಡುಗರು ಎಡವುವ ಲೆಕ್ಕ ಇನ್ನೊಂದು. 60 ವ್ಯಾಟಿನ ಮತ್ತು 100 ವ್ಯಾಟಿನ ಎರಡು ಹಳೆಯ ಗಾಜಿನ ಬಲ್ಬುಗಳನ್ನು ಸೀರೀಸಿನಲ್ಲಿ ಹಾಕಿದರೆ ಯಾವುದು ಹೆಚ್ಚು ಬೆಳಗುತ್ತದೆ? ನೂರರದ್ದು ಅಂತ ಕೈ ಎತ್ತುತ್ತಾರೆ. ಬೆಳಗುವುದು 60ರದ್ದು. 230ರ ವರ್ಗವನ್ನು ವ್ಯಾಟಿನಿಂದ ಭಾಗಿಸು: 60ರದ್ದಕ್ಕೆ 882 ಓಮ್, 100ರದ್ದಕ್ಕೆ 529. ಕರೆಂಟು ಎರಡರಲ್ಲೂ ಒಂದೇ ಆದ್ದರಿಂದ ಹೆಚ್ಚು ತಡೆ ಇರುವುದರ ಮೇಲೆ ಹೆಚ್ಚು ವೋಲ್ಟು ಬೀಳುತ್ತದೆ. ಇದನ್ನು ಪರೀಕ್ಷೆಗೆ ಓದಿ ಮರೆತುಬಿಡಬೇಡ, ಯಾಕೆಂದರೆ ಇದೇ ಲೆಕ್ಕ ದೊಡ್ಡದಾಗಿ ಬೀದಿಗೆ ಬಂದಾಗ ಒಂದೇ ರಾತ್ರಿಯಲ್ಲಿ ನಾಲ್ಕು ಮನೆಯ ಟಿವಿಗಳನ್ನು ಸುಡುತ್ತದೆ.

ಅದು ಹೇಗೆ ಅಂತ ಕೇಳು. ಟಿಸಿಯಿಂದ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿನಿಂದ, ಬರುವುದು ಮೂರು ಫೇಸ್, ಒಂದು ನ್ಯೂಟ್ರಲ್. ಒಂದು ಕಟ್ಟಡದಲ್ಲಿ ಒಂದು ಮನೆಗೆ ಒಂದು ಫೇಸು, ಪಕ್ಕದ ಮನೆಗೆ ಇನ್ನೊಂದು. ಪ್ರತಿ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು, ಫೇಸಿಗೂ ಫೇಸಿಗೂ ನಡುವೆ ಸುಮಾರು 400. ಎಲ್ಲರ ವಾಪಸ್ ದಾರಿ ಆ ಒಂದೇ ನ್ಯೂಟ್ರಲ್. ಮಳೆಗಾಳಿಗೋ ಹಳೆಯ ಜಾಯಿಂಟಿನ ತುಕ್ಕಿಗೋ ಅದು ಕಂಬದ ಹತ್ತಿರ ಕಿತ್ತುಹೋಯಿತು ಅನ್ನು. ಫೇಸು ಇದೆ, ವಾಪಸ್ ದಾರಿ ಇಲ್ಲ. ಆಗ ಮೊದಲ ಮನೆಯ ಕರೆಂಟು ಕಟ್ಟಡದೊಳಗೆ ಸೇರಿಕೊಂಡಿರುವ ನ್ಯೂಟ್ರಲ್ ವೈರುಗಳ ಮೂಲಕ ಎರಡನೆಯ ಮನೆಗೆ ನುಗ್ಗಿ, ಅಲ್ಲಿನ ಸಾಮಾನುಗಳನ್ನು ಹಾಯ್ದು, ಆ ಮನೆಯ ಫೇಸಿನಲ್ಲಿ ವಾಪಸ್ ಹೋಗುತ್ತದೆ. ಎರಡು ಮನೆಗಳು 400 ವೋಲ್ಟಿನ ಮೇಲೆ ಸೀರೀಸಿನಲ್ಲಿ ಕೂತವು. ಒಂದು ಮನೆಯಲ್ಲಿ ಗೀಸರ್ ಓಡುತ್ತಿದೆ, ತಡೆ ಸುಮಾರು 26 ಓಮ್. ಇನ್ನೊಂದರಲ್ಲಿ ಟಿವಿ, ಫ್ಯಾನು ಸೇರಿ 100 ವ್ಯಾಟು, ತಡೆ ಹೆಚ್ಚುಕಡಿಮೆ ಆ ಬಲ್ಬಿನಂತೆಯೇ 529. ಮೂರನೆಯ ಮನೆಗೆ ಬೀಗ ಹಾಕಿದೆ ಅನ್ನೋಣ. 400 ವೋಲ್ಟನ್ನು ಹಂಚಿ ನೋಡು: ಗೀಸರಿನ ಮನೆಗೆ ಸುಮಾರು 19 ವೋಲ್ಟು, ಟಿವಿಯ ಮನೆಗೆ ಸುಮಾರು 381. ಹೆಚ್ಚು ಕರೆಂಟು ಉರಿಸುತ್ತಿದ್ದವನ ಸಾಮಾನು ಸುಮ್ಮನೆ ಮಂಕಾಯಿತು, ಮಿತವಾಗಿ ಬಳಸುತ್ತಿದ್ದವನ ಟಿವಿ ಹೊಗೆಯಾಯಿತು. ಇದರಲ್ಲಿ ನ್ಯಾಯವಿಲ್ಲ, ಗಣಿತವಿದೆ. ಅದಕ್ಕೇ ಮೂರು ಫೇಸಿನ ಕಟ್ಟಡದಲ್ಲಿ ನ್ಯೂಟ್ರಲ್ ಜಾಯಿಂಟನ್ನು ಫೇಸಿನ ಜಾಯಿಂಟಿಗಿಂತ ಹೆಚ್ಚು ಶ್ರದ್ಧೆಯಿಂದ ಬಿಗಿ. ಆ ದಾರಿಯಲ್ಲಿ ಫ್ಯೂಸನ್ನಾಗಲಿ ಒಂಟಿ ಸ್ವಿಚ್ಚನ್ನಾಗಲಿ ಹಾಕಬಾರದು ಅನ್ನುವ ನಿಯಮ ಇಲ್ಲಿಂದಲೇ ಬಂದದ್ದು. ಒಮ್ಮೆಲೇ ಒಂದು ಮನೆಯಲ್ಲಿ ಬಲ್ಬು ಝಗ್ಗನೆ ಉರಿದು ಪಕ್ಕದ ಮನೆಯಲ್ಲಿ ಮಂಕಾದರೆ, ಎಲ್ಲರೂ ಮೇನ್ ಆಫ್ ಮಾಡಿ ಅಂತ ಕೂಗಿ ಹೇಳು, ಆಮೇಲೆ ಲೈನ್‌ಮನ್‌ಗೆ ಫೋನ್ ಮಾಡು.

ತೋಟದ ಮೂರು ಫೇಸಿನ ಪಂಪಿಗೆ ನ್ಯೂಟ್ರಲ್ಲೇ ಇರುವುದಿಲ್ಲವಲ್ಲ ಮಾವ ಅಂತ ನೀನು ಕೇಳುತ್ತೀಯ. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ಒಂದೊಂದು ಫೇಸಿಗೂ ಉಳಿದೆರಡು ಫೇಸುಗಳೇ ವಾಪಸ್ ದಾರಿ. ಯಾವ ಕ್ಷಣದಲ್ಲಿ ನೋಡಿದರೂ ಮೂರರ ಮೊತ್ತ ಸೊನ್ನೆ. ಓಡುತ್ತಿರುವಾಗ ಒಂದು ಫೇಸು ಹೋದರೆ ಇಡೀ ಭಾರ ಉಳಿದ ಎರಡರ ಮೇಲೆ ಬಿದ್ದು ಮೋಟರಿನ ಕಾಯಿಲ್ ಸುಡುತ್ತದೆ. ಬೇಸಿಗೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಗಳ ಮುಂದೆ ಸಾಲುಗಟ್ಟಿ ಕೂತಿರುವ ಪಂಪುಗಳಲ್ಲಿ ಎಷ್ಟೋ ಇಂಥವೇ.

ಟೆಸ್ಟರನ್ನು ಎಲ್ಲರೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ, ಅದು ಹೇಗೆ ಉರಿಯುತ್ತದೆ ಅಂತ ಹೇಳುವವರು ಕಡಿಮೆ. ಅದರ ವಾಪಸ್ ದಾರಿ ನೀನೇ. ತುದಿಯಿಂದ ಬಂದ ಕರೆಂಟು ನಿಯಾನ್ ಬಲ್ಬನ್ನೂ ಸುಮಾರು ಒಂದು ಮೆಗಾಓಮಿನ ರೆಸಿಸ್ಟರನ್ನೂ ದಾಟಿ, ನಿನ್ನ ಬೆರಳಿನಿಂದ ಮೈಗೆ ಹೊಕ್ಕು ನೆಲ ಸೇರುತ್ತದೆ. ಒಂದು ಮಿಲಿಆಂಪಿಯರಿನ ಕಾಲು ಭಾಗವೂ ಇಲ್ಲದ್ದರಿಂದ ನಿನಗೆ ಗೊತ್ತಾಗುವುದಿಲ್ಲ. ಆ ರೆಸಿಸ್ಟರ್ ಒಳಗಿಲ್ಲದಿದ್ದರೆ ಗೊತ್ತಾಗುತ್ತದೆ, ಕೊನೆಯ ಸಲ. ಹತ್ತು ರೂಪಾಯಿಯ ಟೆಸ್ಟರ್ ಕೊಳ್ಳಬೇಡ.

ಟೆಸ್ಟರ್ ಸುಳ್ಳು ಹೇಳುವ ಒಂದು ಸಂದರ್ಭ ನಿನಗೆ ಮೊದಲ ವರ್ಷದಲ್ಲೇ ಎದುರಾಗುತ್ತದೆ. ಮನೆಯಲ್ಲಿ ಯಾವ ಲೈಟೂ ಹತ್ತುತ್ತಿಲ್ಲ, ಪ್ಲಗ್ಗಿನ ಒಂದು ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ, ಎರಡನೆಯದರಲ್ಲೂ ಉರಿಯುತ್ತದೆ. "ಎರಡು ಕಡೆ ಫೇಸ್ ಬರ್ತಿದೆ" ಅಂತ ಅನುಭವವಿಲ್ಲದವರು ಗಾಬರಿಯಾಗುತ್ತಾರೆ. ಬರುತ್ತಿರುವುದು ಒಂದೇ ಫೇಸು. ನ್ಯೂಟ್ರಲ್ ಎಲ್ಲೋ ಹಿಂದೆ ಕಡಿದಿದೆ. ಆನ್ ಇರುವ ಬಲ್ಬಿನ ಮೂಲಕವೋ ಫ್ಯಾನಿನ ಮೂಲಕವೋ ಆ ಫೇಸೇ ನ್ಯೂಟ್ರಲ್ ವೈರಿಗೆ ದಾಟಿ, ಮುಂದೆ ದಾರಿ ಕಾಣದೆ ನಿಂತಿದೆ. ಅದನ್ನು ಮುಟ್ಟಿದವನೇ ಅದಕ್ಕೆ ದಾರಿ. ನ್ಯೂಟ್ರಲ್ ಅಂದರೆ ಮುಟ್ಟಬಹುದಾದ ವೈರು ಅಂತ ಯಾರಾದರೂ ಹೇಳಿದರೆ ಅವರ ಕೈಕೆಳಗೆ ಕೆಲಸ ಕಲಿಯಬೇಡ.

ಸ್ವಿಚ್ಚನ್ನು ಫೇಸಿನ ವೈರಿಗೇ ಹಾಕಬೇಕು ಅನ್ನುವುದಕ್ಕೂ ಇದೇ ಕಾರಣ. ನ್ಯೂಟ್ರಲ್ಲಿಗೆ ಹಾಕಿದರೂ ಲೈಟು ಆಫ್ ಆಗುತ್ತದೆ, ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಹೋಲ್ಡರಿನಲ್ಲಿ ಫೇಸು ಕಾಯುತ್ತ ಕೂತಿರುತ್ತದೆ. ಸ್ವಿಚ್ ಆಫ್ ಮಾಡಿ, ಸ್ಟೂಲ್ ಹತ್ತಿ, ಬಲ್ಬು ಬದಲಿಸಲು ಕೈ ಹಾಕುವ ನಿಮ್ಮಜ್ಜಿಗೆ ಅದು ಗೊತ್ತಿರುವುದಿಲ್ಲ. ಈಗೀಗ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ರಾತ್ರಿ ಮಿಣಮಿಣ ಅನ್ನುತ್ತದೆ ಅಂತ ದೂರು ಹೇಳುತ್ತಾರೆ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೂ, ವೈರುಗಳು ಬಹಳ ದೂರ ಜೊತೆಯಾಗಿ ಹೋಗಿದ್ದರೂ ಹಾಗಾಗುವುದುಂಟು. ಆದರೆ ನೀನು ಮೊದಲು ನೋಡಬೇಕಾದದ್ದು ಸ್ವಿಚ್ ಯಾವ ವೈರಿನಲ್ಲಿದೆ ಅನ್ನುವುದನ್ನು.

ಈಗ ಮೈಗೆ ಹೊಡೆಯುವ ಕರೆಂಟಿನ ವಿಷಯ. ಕಂಬದ ತಂತಿಯಲ್ಲಿ ಸತ್ತು ನೇತಾಡುವ ಬಾವಲಿಗಳನ್ನು ನೀನು ಎಷ್ಟೋ ಸಲ ನೋಡಿದ್ದೀಯ. ಅದೇ ತಂತಿಯ ಮೇಲೆ ಗುಬ್ಬಿ, ಕಾಜಾಣ ಹಾಯಾಗಿ ಕೂರುತ್ತವೆ. ಕಾಜಾಣದ ಎರಡು ಕಾಲೂ ಒಂದೇ ತಂತಿಯ ಮೇಲಿವೆ, ಅದರ ಮೈಯಿಂದ ಬೇರೆಲ್ಲಿಗೂ ದಾರಿಯಿಲ್ಲ. ಬಾವಲಿಯ ರೆಕ್ಕೆ ಅಗಲ. ಹಾರಿ ಬಂದು ನೇತುಬೀಳುವಾಗ ಪಕ್ಕದ ತಂತಿಗೂ ತಾಗಿದರೆ ಸುತ್ತು ಮುಗಿಯಿತು. ನಾವು ನೆಲದ ಮೇಲೆ ನಿಂತಿರುವವರು, ನಮ್ಮದು ಬಾವಲಿಯ ಪಾಡು. ಯಾಕೆಂದರೆ ಟಿಸಿಯ ಹತ್ತಿರ ನ್ಯೂಟ್ರಲ್ಲನ್ನು ಭೂಮಿಗೆ ಕೊಟ್ಟಿರುತ್ತಾರೆ. ಆದ್ದರಿಂದ ನೆಲವೂ ಒಂದು ವಾಪಸ್ ದಾರಿ. ಒದ್ದೆ ಕೈ, ಬರಿಗಾಲಿನಲ್ಲಿ ಮೈಯ ತಡೆ ಸುಮಾರು 1000 ಓಮಿಗೆ ಇಳಿಯಬಹುದು. 230ನ್ನು 1000ದಿಂದ ಭಾಗಿಸು: 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಹತ್ತು ಹದಿನೈದು ಮಿಲಿಆಂಪಿಯರಿಗೇ ಹಿಡಿದ ಕೈ ಬಿಡಿಸಲಾಗದು. 100ರ ಆಸುಪಾಸಿನಲ್ಲಿ ಹೃದಯದ ಬಡಿತ ತಾಳ ತಪ್ಪಿ ಸಾವು ಬರಬಹುದು. ಆ ಹೊತ್ತಿನಲ್ಲಿ 6 ಆಂಪಿಯರಿನ ಎಂಸಿಬಿ ಏನು ಮಾಡುತ್ತಿರುತ್ತದೆ? ಏನೂ ಇಲ್ಲ. ಅದು ವೈರನ್ನು ಕಾಯಲು ಇರುವುದು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ ಅನ್ನುವ ಇನ್ನೊಂದು ಸ್ವಿಚ್ಚು. ಅದರೊಳಗಿನ ಯುಕ್ತಿ ನಾನು ಹೇಳುತ್ತಿರುವ ಪ್ರಶ್ನೆಯೇ. 1845ರಲ್ಲಿ ಕಿರ್ಖಾಫ್ ಅನ್ನುವ 21ರ ವಿದ್ಯಾರ್ಥಿ, ಒಂದು ಸಂಧಿಗೆ ಎಷ್ಟು ಕರೆಂಟು ಬರುತ್ತದೋ ಅಷ್ಟೇ ಅಲ್ಲಿಂದ ಹೋಗಬೇಕು ಅಂತ ಬರೆದಿಟ್ಟ. ಆರ್‌ಸಿಸಿಬಿ ಆ ಲೆಕ್ಕವನ್ನು ಹಗಲೂ ರಾತ್ರಿ ಮಾಡುತ್ತದೆ: ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದದ್ದೆಷ್ಟು? ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ, ಯಾರದ್ದೋ ಮೈಯ ಮೂಲಕ ಹೋಗುತ್ತಿದೆ ಅಂತ ತಿಳಿದು ಕಡಿದುಹಾಕುತ್ತದೆ. ಅದರ ಮೇಲೊಂದು ಟೆಸ್ಟ್ ಬಟನ್ ಇದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದರೂ ಬೀಳದಿದ್ದರೆ ಅದು ಬರೀ ಅಲಂಕಾರ, ಬದಲಿಸು. ಆದರೆ ಅದನ್ನು ನಂಬಿ ಮೈ ಮರೆಯಬೇಡ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದೆಯೋ, ಹೋದಷ್ಟೂ ವಾಪಸ್ ಬರುತ್ತದೆ, ಲೆಕ್ಕ ಸರಿಹೋಗುತ್ತದೆ. ಆಗ ಅದರ ಕಣ್ಣಿಗೆ ನೀನು ಒಂದು ಬಲ್ಬು. ಹಳಬರು ಒಂದು ಕೈ ಜೇಬಿನಲ್ಲಿಟ್ಟು ಕೆಲಸ ಮಾಡು ಅನ್ನುತ್ತಿದ್ದದ್ದು ಜಂಬಕ್ಕಲ್ಲ.

ಅರ್ತಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವಾಷಿಂಗ್ ಮೆಷಿನ್ನಿನ ಒಳಗೆ ಫೇಸಿನ ವೈರು ಸವೆದು ಲೋಹದ ಮೈಗೆ ತಾಗಿದರೆ, ಆ ಕರೆಂಟಿಗೆ ನಿನ್ನ ಮೈಗಿಂತ ಸಲೀಸಾದ ವಾಪಸ್ ದಾರಿ ಮೊದಲೇ ಸಿದ್ಧವಿರಲಿ ಅಂತ ಮೂರನೆಯ ವೈರು. ಆ ದಾರಿ ಸಲೀಸಾಗಿದ್ದರೆ ಮಾತ್ರ ಉಪಯೋಗ. ದಾರಿಯ ಒಟ್ಟು ತಡೆ 5 ಓಮ್ ಇದ್ದರೆ 46 ಆಂಪಿಯರ್ ನುಗ್ಗಿ 16ರ ಎಂಸಿಬಿ ಬೀಳುತ್ತದೆ. ಬೇಸಿಗೆಯಲ್ಲಿ ಆ ವೈರು ನೆಲ ಸೇರುವ ಅರ್ತಿಂಗ್ ಗುಂಡಿ ಒಣಗಿ ತಡೆ 50 ಆಯಿತೆನ್ನು, ಹೋಗುವುದು 4.6 ಆಂಪಿಯರ್, ಎಂಸಿಬಿ ಅಲುಗುವುದಿಲ್ಲ, ಮೆಷಿನ್ನಿನ ಮೈ ಪೂರ್ತಿ ಕರೆಂಟಿನಲ್ಲೇ ಇರುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು, ಬೇಸಿಗೆಯಲ್ಲಿ ನೀರು ಹುಯ್ಯುವುದು ಈ ತಡೆಯನ್ನು ಇಳಿಸುವುದಕ್ಕೆ. ಮೂರು ಪಿನ್ನಿನ ಪ್ಲಗ್ಗು ಹಿಡಿಸುವುದಿಲ್ಲ ಅಂತ ಮೇಲಿನ ಪಿನ್ನು ಮುರಿಯುವವರನ್ನು ನೀನು ನೋಡುತ್ತೀಯ. ಅವರು ಮುರಿಯುತ್ತಿರುವುದು ಈ ದಾರಿಯನ್ನು.

ತೋಟದ ಮನೆಗಳಲ್ಲಿ ಕೆಲವರು ಫೇಸಿನ ವೈರು ಒಂದನ್ನೇ ಎಳೆದುಕೊಂಡು, ನ್ಯೂಟ್ರಲ್ ಬದಲಿಗೆ ಒಂದು ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಹೊಡೆದು ಬಲ್ಬು ಉರಿಸುತ್ತಾರೆ. ಉರಿಯುತ್ತದೆ, ನಿಜ. ಆದರೆ ಆ ಸಲಾಕೆಯೂ ಅದಕ್ಕೆ ಕಟ್ಟಿದ ವೈರೂ ಕರೆಂಟಿನಲ್ಲಿರುತ್ತವೆ, ಸುತ್ತಲಿನ ಒದ್ದೆ ನೆಲದಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟು ಬದಲಾಗುತ್ತದೆ. ಅಲ್ಲಿ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚಿರುವ ದನಕ್ಕೆ ಅಪಾಯ ಮನುಷ್ಯನಿಗಿಂತ ಹೆಚ್ಚು. ಹಣ ಎಷ್ಟು ಕೊಟ್ಟರೂ ಆ ಕೆಲಸಕ್ಕೆ ಕೈ ಹಾಕಬೇಡ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತಿಕೊಡು ಅನ್ನುವವರಿಗೂ ಇದೇ ಉತ್ತರ.

ನಿನಗೆ ಈಗ ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಳ್ಳೆಯ ಇನ್ಸುಲೇಶನ್ ಇರುವ ಕಟಿಂಗ್ ಪ್ಲೇಯರ್, ಎರಡು ಸ್ಕ್ರೂ ಡ್ರೈವರ್, ಐಎಸ್‌ಐ ಗುರುತಿನ ಟೆಸ್ಟರ್, ಒಂದು ಮಲ್ಟಿಮೀಟರ್. ಜೊತೆಗೆ ರಬ್ಬರ್ ಅಟ್ಟೆಯ ಶೂ, ಚಪ್ಪಲಿಯಲ್ಲ. ಮಲ್ಟಿಮೀಟರಿನ ಹಣ ನನ್ನದು. ಲೈನ್ ಸತ್ತಿದೆಯೇ ಅಂತ ನೋಡುವಾಗ ಮೊದಲು ಕರೆಂಟು ಖಂಡಿತ ಇರುವ ಕಡೆ ಪರೀಕ್ಷಿಸು, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ವಾಪಸ್ ಬಂದು ಮೊದಲಿನ ಕಡೆ. ನಡುವೆ ನಿನ್ನ ಮೀಟರೇ ಕೈಕೊಟ್ಟಿರಬಹುದು.

ಕೋರ್ಸ್ ಮುಗಿದ ಮೇಲೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ತಗೋ. ಅದು ಕೈಗೆ ಬರುವ ತನಕ ಒಬ್ಬಳೇ ಯಾರ ಮನೆಯ ಕೆಲಸವನ್ನೂ ಒಪ್ಪಿಕೊಳ್ಳಬೇಡ. ಮೇನ್ ಆಫ್ ಮಾಡಿ ಮೀಟರಿನಲ್ಲಿ ನೋಡಿ ಖಾತ್ರಿಯಾಗುವ ತನಕ ಯಾವ ಬೋರ್ಡಿನ ಸ್ಕ್ರೂವನ್ನೂ ಬಿಚ್ಚಬೇಡ, ಅದು ನಿನ್ನ ಮಾವನ ಮನೆಯದ್ದೇ ಆದರೂ ಸರಿ.